ಹೊಸ ಔಷಧದ ಮೊದಲ ಪರೀಕ್ಷೆ ಎಲ್ಲಿ ನಡೆಯುತ್ತದೆ? ಗುತ್ತಿಗೆ ಪ್ರಯೋಗಾಲಯಗಳ ಒಳಗೊಂದು ನೋಟ

ಅಲರ್ಜಿಯಿಂದ ಸೀನಿ ಸೀನಿ ಸುಸ್ತಾದವರಿಗೆ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಒಂದು ಹೊಸ ಮಾತ್ರೆ ಬಂತು. ಅದರ ಹೆಸರು ಟರ್ಫೆನಡಿನ್. ಅದುವರೆಗೆ ಇದ್ದ ಅಲರ್ಜಿ ಮಾತ್ರೆಗಳು ತೂಕಡಿಕೆ ತರಿಸುತ್ತಿದ್ದವು, ಇದು ತರಿಸುತ್ತಿರಲಿಲ್ಲ. ಹಾಗಾಗಿ ಲಕ್ಷಾಂತರ ಜನ ಅದನ್ನು ನುಂಗಿದರು, ಹೆಚ್ಚಿನವರಿಗೆ ಏನೂ ಆಗಲಿಲ್ಲ. ಆದರೆ 1990ರಲ್ಲಿ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ 39 ವರ್ಷದ ಮಹಿಳೆಯೊಬ್ಬರ ಬಗ್ಗೆ ವರದಿ ಪ್ರಕಟವಾಯಿತು. ಟರ್ಫೆನಡಿನ್ ಜೊತೆಗೆ ಅವರು ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೋಕೊನಜೋಲ್ ಕೂಡ ತೆಗೆದುಕೊಳ್ಳುತ್ತಿದ್ದರು. ಅವರ ಎದೆಬಡಿತ ಅಪಾಯಕಾರಿಯಾಗಿ ಲಯ ತಪ್ಪಿತ್ತು, ಪ್ರಜ್ಞೆ ತಪ್ಪುವಂತಾಗಿತ್ತು. ಇಂಥ ಪ್ರಕರಣಗಳು ಹೆಚ್ಚಾದಂತೆ ಎಚ್ಚರಿಕೆಗಳು ಬಂದವು. ಕೊನೆಗೆ 1998ರಲ್ಲಿ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು.

ಟರ್ಫೆನಡಿನ್ ನುಂಗಿದವರ ದೇಹದಲ್ಲಿ ಅಲರ್ಜಿ ತಡೆಯುತ್ತಿದ್ದದ್ದು ಬಹುಮಟ್ಟಿಗೆ ಟರ್ಫೆನಡಿನ್ ಅಲ್ಲವೇ ಅಲ್ಲ. ಕರುಳು ಮತ್ತು ಯಕೃತ್ತಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ಅದನ್ನು ಕೆಲಹೊತ್ತಿನಲ್ಲೇ ಬೇರೊಂದು ಅಣುವನ್ನಾಗಿ ಮಾರ್ಪಡಿಸುತ್ತಿತ್ತು. ಕೆಲಸ ಮಾಡುತ್ತಿದ್ದದ್ದು ಆ ಹೊಸ ಅಣು. ಮೂಲ ಟರ್ಫೆನಡಿನ್ ರಕ್ತದಲ್ಲಿ ಉಳಿಯುತ್ತಿದ್ದದ್ದು ತೀರಾ ಅಲ್ಪ. ಕೀಟೋಕೊನಜೋಲ್ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಮಾರ್ಪಾಡಾಗದ ಟರ್ಫೆನಡಿನ್ ರಕ್ತದಲ್ಲಿ ತುಂಬಿಕೊಂಡು ಹೃದಯಕ್ಕೆ ತಲುಪುತ್ತದೆ, ಹೃದಯದ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ಒಂದು ಕಾಲುವೆಯನ್ನು ಮುಚ್ಚುತ್ತದೆ. ಯಕೃತ್ತಿನಲ್ಲಿ ಹುಟ್ಟುತ್ತಿದ್ದ ಆ ಎರಡನೇ ಅಣುವಿಗೆ ಹೃದಯದ ಈ ಕಾಟವಿಲ್ಲ. ಅದನ್ನೇ ಬೇರೆಯಾಗಿ ತಯಾರಿಸಿ 1996ರಲ್ಲಿ ಮಾರುಕಟ್ಟೆಗೆ ತಂದರು. ನಮ್ಮ ಔಷಧ ಅಂಗಡಿಗಳಲ್ಲಿ ಇಂದಿಗೂ ಸಿಗುವ ಫೆಕ್ಸೊಫೆನಡಿನ್ ಅದೇ.

ಈ ಕಥೆಯಲ್ಲಿ ಎರಡು ಪ್ರಶ್ನೆಗಳಿವೆ. ಈ ಅಣುವನ್ನು ದೇಹ ಏನು ಮಾಡುತ್ತದೆ? ದೇಹಕ್ಕೆ ಈ ಅಣು ಏನು ಮಾಡುತ್ತದೆ? ಇವತ್ತು ಯಾವುದೇ ಹೊಸ ಔಷಧದ ಅಣುವಿಗೆ, ಮನುಷ್ಯರಿರಲಿ, ಇಲಿಯ ಹತ್ತಿರವೂ ಹೋಗುವ ಮುನ್ನ ಈ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಕೇಳುವವರು ಹಲವು ಬಾರಿ ಔಷಧ ಕಂಪನಿಯವರಲ್ಲ. ಅವರು ಹಣ ಕೊಟ್ಟು ಕೆಲಸ ಒಪ್ಪಿಸುವ ಗುತ್ತಿಗೆ ಸಂಶೋಧನಾ ಸಂಸ್ಥೆಗಳು, ಉದ್ಯಮದ ಮಾತಿನಲ್ಲಿ ಸಿಆರ್‌ಒಗಳು.

ಸಿಆರ್‌ಒ ಅಂದರೆ ಜನರ ಮೇಲೆ ಪ್ರಯೋಗ ಮಾಡುವವರಾ?

ಈ ಗೊಂದಲ ತುಂಬಾ ಸಾಮಾನ್ಯ, ಮೊದಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಗುತ್ತಿಗೆ ಸಂಶೋಧನೆ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳಿವೆ. ಆಸ್ಪತ್ರೆಗಳಲ್ಲಿ ರೋಗಿಗಳು ಅಥವಾ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳನ್ನು ನಿರ್ವಹಿಸುವವರು ಒಂದು ಬಗೆ. ನಾವಿಲ್ಲಿ ಮಾತಾಡುತ್ತಿರುವುದು ಅದಕ್ಕೆ ವರ್ಷಗಳ ಹಿಂದಿನ ಹಂತದ ಬಗ್ಗೆ. ಇಲ್ಲಿರುವುದು ಜೀವಕೋಶಗಳು, ಕಿಣ್ವಗಳು, ಬ್ಯಾಕ್ಟೀರಿಯಾ, ಆಮೇಲೆ ಇಲಿಗಳು. ನಮ್ಮ ಊರಿನ ಯಾವುದೋ ಕಂಪನಿ ವಿದೇಶಿ ಔಷಧವನ್ನು ಪರೀಕ್ಷಿಸುತ್ತಿದೆ ಎಂಬ ಸುದ್ದಿ ಓದಿದಾಗ ಅದು ಈ ಎರಡರಲ್ಲಿ ಯಾವುದು ಎಂದು ಮೊದಲು ನೋಡಬೇಕು.

ಹೊರಗಿನವರಿಗೆ ಯಾಕೆ ಕೊಡುತ್ತಾರೆ ಎಂಬುದಕ್ಕೆ ಉತ್ತರ ಸರಳ. ಒಂದು ವಿಶ್ವವಿದ್ಯಾಲಯದ ತಂಡವೋ ಹತ್ತು ಜನರ ನವೋದ್ಯಮವೋ ಒಳ್ಳೆಯ ಅಣುವನ್ನು ಕಂಡುಹಿಡಿದಿರಬಹುದು. ಆದರೆ ಅದನ್ನು ಅಳೆಯಲು ಬೇಕಾದ ಮಾಸ್ ಸ್ಪೆಕ್ಟ್ರೋಮೀಟರ್‌ನ ಬೆಲೆ ಕೋಟಿ ರೂಪಾಯಿಗಳ ಲೆಕ್ಕದಲ್ಲಿರುತ್ತದೆ. ಮಾನವ ಯಕೃತ್ತಿನ ಜೀವಕೋಶಗಳನ್ನು ದ್ರವ ಸಾರಜನಕದಲ್ಲಿ ಕಾಪಾಡಬೇಕು, ಅವನ್ನು ಕೆಡಿಸದೆ ಬಳಸಬಲ್ಲ ಕೈಗಳು ಬೇಕು. ವರ್ಷಕ್ಕೆ ನಾಲ್ಕು ಬಾರಿ ಬೇಕಾಗುವ ಪರೀಕ್ಷೆಗೆ ಇಷ್ಟೆಲ್ಲ ಕಟ್ಟಿಕೊಳ್ಳುವುದಕ್ಕಿಂತ, ಅದನ್ನೇ ದಿನವೂ ಮಾಡುವವರಿಗೆ ಕಳಿಸುವುದು ಅಗ್ಗ. ದೊಡ್ಡ ಕಂಪನಿಗಳೂ ಇದೇ ಲೆಕ್ಕ ಹಾಕುತ್ತವೆ.

ಪುಡಿ ಬಂದ ಮೇಲೆ

ಕೊರಿಯರ್‌ನಲ್ಲಿ ಬರುವುದು ಕೆಲವೇ ಮಿಲಿಗ್ರಾಂ ಪುಡಿ. ಸೀಸೆಯ ಮೇಲೆ ಹೆಸರಿರುವುದಿಲ್ಲ, ಒಂದು ಸಂಕೇತ ಸಂಖ್ಯೆ ಇರುತ್ತದೆ. ಅಣುವಿನ ರಚನೆ ಏನೆಂಬುದು ಪರೀಕ್ಷಿಸುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದು ಕಂಪನಿಯ ಗುಟ್ಟು. ಪುಡಿಯನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿಟ್ಟುಕೊಂಡು ಕೆಲಸ ಶುರು ಮಾಡುತ್ತಾರೆ.

ಮೊದಲು ಅದು ನೀರಿನಲ್ಲಿ ಕರಗುತ್ತದೆಯೇ ಎಂದು ನೋಡುತ್ತಾರೆ. ಕರಗದ್ದು ಕರುಳಿನಿಂದ ರಕ್ತಕ್ಕೆ ಹೋಗುವುದು ಕಷ್ಟ. ನಂತರ ಕರುಳಿನ ಗೋಡೆಯನ್ನು ದಾಟುತ್ತದೆಯೇ ಎಂದು ನೋಡಲು ಕಾಕೊ-2 ಎಂಬ ಜೀವಕೋಶಗಳನ್ನು ಬಳಸುತ್ತಾರೆ. ಇವು ಮಾನವನ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದವು. ತೆಳುವಾದ ಪೊರೆಯ ಮೇಲೆ ಸುಮಾರು 3 ವಾರ ಬೆಳೆಸಿದರೆ ಸಣ್ಣ ಕರುಳಿನ ಒಳಪದರದಂತೆಯೇ ಒತ್ತಾಗಿ ಹೆಣೆದುಕೊಳ್ಳುತ್ತವೆ. ಪದರದ ಮೇಲೆ ಔಷಧ ಹಾಕಿ ಕೆಳಗೆ ಎಷ್ಟು ಇಳಿಯಿತು ಎಂದು ಅಳೆದರೆ ಆಯಿತು.

ಆಮೇಲೆ ಯಕೃತ್ತು. ಈ ಹಂತದ ಹೆಚ್ಚಿನ ಆಟ ನಡೆಯುವುದು ಇಲ್ಲಿಯೇ. ನಾವು ನುಂಗಿದ್ದೆಲ್ಲ ಕರುಳಿನಿಂದ ನೇರವಾಗಿ ಇಡೀ ದೇಹಕ್ಕೆ ಹೋಗುವುದಿಲ್ಲ, ಮೊದಲು ಯಕೃತ್ತಿನ ಮೂಲಕ ಹಾದುಹೋಗಬೇಕು. ಯಕೃತ್ತಿಗೆ ಔಷಧ, ವಿಷ ಎಂಬ ಭೇದವಿಲ್ಲ. ಹೊರಗಿನದ್ದು ಅನ್ನಿಸಿದ್ದನ್ನು ಕಿಣ್ವಗಳಿಂದ ಮಾರ್ಪಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗಟ್ಟಲು ನೋಡುತ್ತದೆ. ಇದನ್ನು ಗಾಜಿನ ನಳಿಕೆಯಲ್ಲಿ ನಕಲು ಮಾಡಬೇಕು. ಕಸಿಗೆ ಬಳಸಲಾಗದ, ದಾನವಾಗಿ ಬಂದ ಮಾನವ ಯಕೃತ್ತನ್ನು ಅರೆದು, ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕಿಣ್ವಗಳಿರುವ ಪೊರೆಯ ಚೂರುಗಳು ಪುಟ್ಟ ಗುಳ್ಳೆಗಳಾಗಿ ತಳಕ್ಕೆ ಕೂರುತ್ತವೆ. ಇವೇ ಮೈಕ್ರೋಸೋಮ್‌ಗಳು. ಒಬ್ಬರ ಕಿಣ್ವ ಇನ್ನೊಬ್ಬರಂತಿರುವುದಿಲ್ಲವಾದ್ದರಿಂದ ಹಲವು ದಾನಿಗಳದ್ದನ್ನು ಬೆರೆಸಿಟ್ಟಿರುತ್ತಾರೆ.

ಇದಕ್ಕೆ ಔಷಧ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಕಿಣ್ವಗಳಿಗೆ ಇಂಧನದಂತೆ ಬೇಕಾಗುವ ಎನ್‌ಎಡಿಪಿಎಚ್ ಹಾಕುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆದು ತಣ್ಣನೆಯ ಅಸಿಟೋನೈಟ್ರೈಲ್‌ಗೆ ಸುರಿದರೆ ಕಿಣ್ವದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಆಯಾ ಹೊತ್ತಿನಲ್ಲಿ ಎಷ್ಟು ಔಷಧ ಉಳಿದಿತ್ತು ಎಂದು ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ಇಂಧನ ಹಾಕದ ಇನ್ನೊಂದು ನಳಿಕೆಯನ್ನೂ ಪಕ್ಕದಲ್ಲಿ ಇಟ್ಟಿರುತ್ತಾರೆ. ಅದರಲ್ಲೂ ಔಷಧ ಮಾಯವಾದರೆ ತಪ್ಪು ಕಿಣ್ವದ್ದಲ್ಲ, ಆ ಅಣು ತಾನೇ ಒಡೆಯುತ್ತಿದೆ ಅಥವಾ ನಳಿಕೆಗೆ ಅಂಟಿಕೊಳ್ಳುತ್ತಿದೆ ಎಂದರ್ಥ.

ಹತ್ತು ನಿಮಿಷದಲ್ಲಿ ಅರ್ಧ ಮಾಯವಾಯಿತು ಎನ್ನಿ. ಬಾಯಿಂದ ನುಂಗುವ ಮಾತ್ರೆಗೆ ಇದು ಒಳ್ಳೆಯ ಸುದ್ದಿ ಅಲ್ಲ. ಆದರೆ ಮಾಯವಾಯಿತು ಎಂದರೆ ಇಲ್ಲವಾಯಿತು ಎಂದಲ್ಲ, ಇನ್ನೊಂದಾಯಿತು ಎಂದು. ಏನಾಯಿತು ಎಂಬುದು ಎರಡನೇ ಪ್ರಶ್ನೆ. ಕೊಡೀನ್ ನೋವು ಕಳೆಯುವುದು ಯಕೃತ್ತು ಅದರ ಒಂದು ಪಾಲನ್ನು ಮಾರ್ಫಿನ್ ಮಾಡುವುದರಿಂದ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಸಣ್ಣ ಪಾಲು ಎನ್‌ಎಪಿಕ್ಯೂಐ ಎಂಬ ಉಗ್ರ ಅಣುವಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಯಕೃತ್ತಿನಲ್ಲಿರುವ ಗ್ಲೂಟಾಥಯೋನ್ ಅದನ್ನು ಹಿಡಿದು ಸುಮ್ಮನಾಗಿಸುತ್ತದೆ. ಅತಿಯಾದರೆ ಗ್ಲೂಟಾಥಯೋನ್ ಮುಗಿದು ಯಕೃತ್ತೇ ಸುಟ್ಟುಕೊಳ್ಳುತ್ತದೆ. ಗುತ್ತಿಗೆ ಪ್ರಯೋಗಾಲಯಗಳು ಇದೇ ಉಪಾಯವನ್ನು ಪರೀಕ್ಷೆಯಾಗಿ ಬಳಸುತ್ತವೆ. ಮೈಕ್ರೋಸೋಮ್ ನಳಿಕೆಗೆ ಗ್ಲೂಟಾಥಯೋನ್ ಹಾಕಿಟ್ಟು, ಅದಕ್ಕೆ ಯಾವುದಾದರೂ ಉಗ್ರ ಅಣು ಅಂಟಿಕೊಂಡಿತೇ ಎಂದು ಹುಡುಕುತ್ತವೆ.

ಟರ್ಫೆನಡಿನ್ ಕಲಿಸಿದ್ದು ಇನ್ನೊಂದು ಪರೀಕ್ಷೆಯನ್ನು. ಹೊಸ ಅಣು ಬೇರೆ ಔಷಧಗಳ ಕಿಣ್ವವನ್ನು ಕಟ್ಟಿಹಾಕುತ್ತದೆಯೇ? ಸಿವೈಪಿ3ಎ4 ಒಂದೇ, ಬಳಕೆಯಲ್ಲಿರುವ ಔಷಧಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾರ್ಪಡಿಸುತ್ತದೆ. ಅದರ ದಾರಿಗೆ ಅಡ್ಡ ನಿಲ್ಲುವ ಔಷಧ ಎಷ್ಟು ಜನಕ್ಕೆ ತೊಂದರೆ ಕೊಡಬಹುದು ಎಂದು ಊಹಿಸಿ. ಮಿಬೆಫ್ರಡಿಲ್ ಎಂಬ ರಕ್ತದೊತ್ತಡದ ಔಷಧವನ್ನು ಮಾರುಕಟ್ಟೆಗೆ ಬಂದ ಒಂದೇ ವರ್ಷದೊಳಗೆ, 1998ರಲ್ಲಿ, ಇದೇ ಕಾರಣಕ್ಕೆ ಹಿಂದಕ್ಕೆ ಪಡೆಯಬೇಕಾಯಿತು. ಅಡ್ಡ ನಿಲ್ಲುವುದು ಔಷಧವೇ ಆಗಬೇಕೆಂದಿಲ್ಲ. ಮದ್ಯ ಮತ್ತು ಫೆಲೊಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯ ಸಂಬಂಧವನ್ನು ಅಧ್ಯಯನ ಮಾಡುತ್ತಿದ್ದ ಕೆನಡಾದ ತಂಡವೊಂದು ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ರಸ ಕೊಟ್ಟಿತ್ತು. ರಕ್ತದಲ್ಲಿ ಔಷಧದ ಮಟ್ಟ ಲೆಕ್ಕ ಮೀರಿ ಏರಿದ್ದು ಆ ರಸದಿಂದ. 1989ರಲ್ಲಿ ಅದು ವರದಿಯಾಯಿತು. ಗ್ರೇಪ್‌ಫ್ರೂಟ್ ನಮಗೆ ಅಪರೂಪ, ಆದರೆ ಅದು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಕಿಣ್ವವನ್ನು ತಡೆಯುವ ಫ್ಯುರಾನೊಕೂಮರಿನ್ ಎಂಬ ಪದಾರ್ಥಗಳು ಚಕ್ಕೋತದಲ್ಲೂ ಇವೆ. ದೇವನಹಳ್ಳಿ ಚಕ್ಕೋತ ತಿನ್ನಲೇಬಾರದು ಎಂದಲ್ಲ. ಅಂಗಾಂಗ ಕಸಿಯ ನಂತರದ ಮಾತ್ರೆಗಳನ್ನೋ ಕೆಲವು ಕೊಲೆಸ್ಟರಾಲ್, ರಕ್ತದೊತ್ತಡದ ಮಾತ್ರೆಗಳನ್ನೋ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಒಮ್ಮೆ ಕೇಳುವುದು ವಾಸಿ. ನಾಟಿ ಔಷಧ, ಪುಡಿ, ಕಷಾಯ ತೆಗೆದುಕೊಳ್ಳುವವರೂ ಅಷ್ಟೇ. ‘ಅದು ನೈಸರ್ಗಿಕ’ ಎಂಬ ಮಾತು ಕಿಣ್ವಕ್ಕೆ ಅರ್ಥವಾಗುವುದಿಲ್ಲ.

ಹೃದಯ, ಡಿಎನ್‌ಎ, ಇಲಿ

ಟರ್ಫೆನಡಿನ್ ಮುಚ್ಚಿದ ಆ ಪೊಟ್ಯಾಸಿಯಂ ಕಾಲುವೆಯ ಹೆಸರು ಹರ್ಗ್. ಈ ಹೆಸರಿನ ಹಿಂದೆ ಹಣ್ಣುನೊಣಗಳಿವೆ. ಈಥರ್ ಕೊಟ್ಟಾಗ ಕಾಲು ಕುಣಿಸುವ ಒಂದು ಬಗೆಯ ನೊಣಗಳನ್ನು ಕಂಡ ವಿಜ್ಞಾನಿಗಳು ಆಗಿನ ಕಾಲದ ಗೋ-ಗೋ ನೃತ್ಯ ನೆನಪಾಗಿ ಆ ಜೀನ್‌ಗೆ ಈಥರ್-ಎ-ಗೋ-ಗೋ ಎಂದು ಹೆಸರಿಟ್ಟರು. ಅದಕ್ಕೆ ಹತ್ತಿರದ ಮಾನವ ಜೀನ್ ಹರ್ಗ್. ಈ ಕಾಲುವೆಯನ್ನು ಹೊಂದಿರುವಂತೆ ಮಾಡಿದ ಜೀವಕೋಶದ ಪೊರೆಗೆ ಸೂಕ್ಷ್ಮ ಗಾಜಿನ ತುದಿ ತಾಗಿಸಿ ವಿದ್ಯುತ್ ಪ್ರವಾಹವನ್ನು ಅಳೆಯುತ್ತಾರೆ. ಔಷಧ ಹಾಕಿದಾಗ ಪ್ರವಾಹ ಎಷ್ಟು ಇಳಿಯುತ್ತದೆ, ಅದನ್ನು ಅರ್ಧಕ್ಕೆ ಇಳಿಸಲು ಎಷ್ಟು ಔಷಧ ಬೇಕು ಎಂಬುದು ಉತ್ತರ.

ಈ ಸಂಖ್ಯೆಯನ್ನು ಒಂಟಿಯಾಗಿ ನೋಡಿದರೆ ಮೋಸ ಹೋಗುತ್ತೇವೆ. ಚಿಕಿತ್ಸೆಯ ವೇಳೆ ರಕ್ತದಲ್ಲಿ ಇರಬಹುದಾದ ಔಷಧಕ್ಕಿಂತ ಇದು ಎಷ್ಟು ಪಟ್ಟು ಹೆಚ್ಚು ಎಂದು ನೋಡಬೇಕು. ಅದರಲ್ಲೂ ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಔಷಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಸ್ಥೂಲವಾಗಿ 30 ಪಟ್ಟು ಅಂತರ ಇರಲಿ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಅಳತೆಗೋಲು. ಹರ್ಗ್ ಮೇಲಿನ ಪರಿಣಾಮ ನೋಡುವ ಬಗ್ಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದದ್ದು 2005ರಲ್ಲಿ. ಅಂದರೆ ಟರ್ಫೆನಡಿನ್ ಅಂಗಡಿಯಿಂದ ಮರೆಯಾದ 7 ವರ್ಷಗಳ ಮೇಲೆ.

ಡಿಎನ್‌ಎಗೆ ಹಾನಿ ಮಾಡುತ್ತದೆಯೇ ಎಂದು ನೋಡುವ ಏಮ್ಸ್ ಪರೀಕ್ಷೆ ಇದಕ್ಕಿಂತ ಹಳೆಯದು. ಬರ್ಕ್ಲಿಯ ವಿಜ್ಞಾನಿ ಬ್ರೂಸ್ ಏಮ್ಸ್ 1970ರ ದಶಕದ ಆರಂಭದಲ್ಲಿ ರೂಪಿಸಿದ್ದು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾವೇ ತಯಾರಿಸಿಕೊಳ್ಳಲಾಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಅದು ಇಲ್ಲದ ತಟ್ಟೆಯಲ್ಲಿ ಹಾಕುತ್ತಾರೆ. ಅವು ಬೆಳೆಯಬಾರದು. ಔಷಧ ಸೇರಿಸಿದಾಗ ಹಿಂಡುಹಿಂಡಾಗಿ ಬೆಳೆದರೆ ಅವುಗಳ ಡಿಎನ್‌ಎ ಬದಲಾಗಿದೆ ಎಂದರ್ಥ. ಇದಕ್ಕೂ ಇಲಿಯ ಯಕೃತ್ತಿನ ಸಾರವನ್ನು ಬೆರೆಸಿ ಇನ್ನೊಮ್ಮೆ ಮಾಡುತ್ತಾರೆ, ಏಕೆಂದರೆ ತಾನಾಗಿ ಸಾಧುವಾದ ಅಣು ಯಕೃತ್ತಿನ ಕೈಗೆ ಸಿಕ್ಕ ಮೇಲೆ ಹಾನಿಕರವಾಗಬಹುದು.

ಇವನ್ನೆಲ್ಲ ದಾಟಿದ್ದು ಇಲಿಗೆ ಹೋಗುತ್ತದೆ. ಇಲಿ, ನಾಯಿ, ಮಂಗ, ಮನುಷ್ಯ ನಾಲ್ವರ ಮೈಕ್ರೋಸೋಮ್‌ಗಳಲ್ಲಿ ಮೊದಲೇ ಹೋಲಿಸಿ, ಯಾವ ಪ್ರಾಣಿ ಈ ಅಣುವನ್ನು ನಮ್ಮಂತೆಯೇ ಮಾರ್ಪಡಿಸುತ್ತದೆ ಎಂದು ತಿಳಿದುಕೊಂಡು ಪ್ರಾಣಿಯನ್ನು ಆರಿಸುತ್ತಾರೆ. ಪ್ರಾಣಿಗೆ ಸುರಕ್ಷಿತವಾದದ್ದು ನಮಗೂ ಸುರಕ್ಷಿತ ಎಂಬ ಎಣಿಕೆ ಎಷ್ಟು ದುರ್ಬಲ ಎನ್ನಲು ಮನೆಯ ಬೆಕ್ಕೇ ಸಾಕು. ನಾವು ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಅದಕ್ಕೆ ವಿಷ, ಏಕೆಂದರೆ ಅದನ್ನು ಹೊರಹಾಕುವ ಒಂದು ಮುಖ್ಯ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ತಿರುಗುಮುರುಗು ಆಗಿ ಕಹಿಯಾದದ್ದೂ ಇದೆ. ಹೆಪಟೈಟಿಸ್ ಬಿಗೆ ಎಂದು ಫಿಯಾಲುರಿಡಿನ್ ಎಂಬ ಔಷಧವನ್ನು 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 15 ರೋಗಿಗಳಿಗೆ ಕೊಟ್ಟಿದ್ದರು. ಪ್ರಾಣಿಗಳಲ್ಲಿ ಸುಳಿವೇ ಕೊಡದ ಹಾನಿ ರೋಗಿಗಳಲ್ಲಿ ವಾರಗಳ ನಂತರ ಕಾಣಿಸಿತು. 7 ಜನರ ಯಕೃತ್ತು ವಿಫಲವಾಯಿತು, 5 ಜನ ತೀರಿಕೊಂಡರು, ಇಬ್ಬರು ಯಕೃತ್ ಕಸಿಯಿಂದ ಉಳಿದರು. ಆದ್ದರಿಂದ ಲ್ಯಾಬ್‌ನಲ್ಲಿ ಪರೀಕ್ಷಿಸಲಾಗಿದೆ ಎಂಬ ಜಾಹೀರಾತಿನ ಸಾಲನ್ನು ಸುರಕ್ಷಿತ ಎಂಬ ಪ್ರಮಾಣಪತ್ರವಾಗಿ ಓದಬಾರದು. ಈ ಪರೀಕ್ಷೆಗಳು ಕೆಟ್ಟ ಅಣುಗಳನ್ನು ಬೇಗ ಬೀಳಿಸಲು ಇರುವಂಥವು. ಒಳ್ಳೆಯದೆಂದು ಸಾಬೀತುಪಡಿಸುವ ಶಕ್ತಿ ಅವುಗಳಿಗಿಲ್ಲ.

ಬೀಳಿಸುವ ಕೆಲಸವನ್ನು ಅವು ಚೆನ್ನಾಗಿಯೇ ಮಾಡಿವೆ. 1991ರಲ್ಲಿ ಮನುಷ್ಯರ ಹಂತಕ್ಕೆ ಬಂದು ಸೋತ ಔಷಧಗಳಲ್ಲಿ ಸುಮಾರು 40 ಶೇಕಡಾ ಸೋತಿದ್ದು, ದೇಹದಲ್ಲಿ ಸರಿಯಾಗಿ ಹೀರಿಕೆಯಾಗದೆ ಅಥವಾ ಬೇಗ ನಾಶವಾಗಿ. 2000ದ ಹೊತ್ತಿಗೆ ಅದು 10 ಶೇಕಡಾ ಆಸುಪಾಸಿಗೆ ಇಳಿದಿತ್ತು. ಸೋಲಬೇಕಾದವು ನಳಿಕೆಯಲ್ಲೇ ಸೋಲತೊಡಗಿದ್ದವು. ಸುರಕ್ಷತೆಯ ಕಾರಣಕ್ಕೆ ಬೀಳುವವುಗಳ ಪಾಲು ಮಾತ್ರ ಹಾಗೆ ಇಳಿಯಲಿಲ್ಲ.

ಹಣ ಕೊಟ್ಟವರ ಪರೀಕ್ಷೆಯನ್ನು ನಂಬುವುದು ಹೇಗೆ?

ಓದುಗರಿಗೆ ಈ ಅನುಮಾನ ಬರಲೇಬೇಕು. ಔಷಧ ಗೆಲ್ಲಲಿ ಎಂದು ಬಯಸುವ ಕಂಪನಿಯೇ ಪರೀಕ್ಷಕರಿಗೆ ಹಣ ಕೊಡುತ್ತದೆ. ಇದು ಬರೀ ಊಹೆಯ ಅಪಾಯವಲ್ಲ.

ಷಿಕಾಗೊ ಬಳಿಯ ನಾರ್ತ್‌ಬ್ರೂಕ್‌ನಲ್ಲಿದ್ದ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಎಂಬ ಗುತ್ತಿಗೆ ಪ್ರಯೋಗಾಲಯ ಒಂದು ಕಾಲಕ್ಕೆ ಅಮೆರಿಕದ ವಿಷಪರೀಕ್ಷೆಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮಾಡುತ್ತಿತ್ತು. ಔಷಧ, ಕೀಟನಾಶಕ, ಆಹಾರಕ್ಕೆ ಸೇರಿಸುವ ಪದಾರ್ಥ, ಎಲ್ಲವೂ ಅಲ್ಲಿಗೆ. ನೋವು ನಿವಾರಕ ನ್ಯಾಪ್ರೊಕ್ಸೆನ್ ಕುರಿತ ಅವರ ಇಲಿ ಅಧ್ಯಯನ ಅತಿಯಾಗಿ ಅಚ್ಚುಕಟ್ಟಾಗಿದೆ ಎನ್ನಿಸಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ರೋಗಶಾಸ್ತ್ರಜ್ಞರೊಬ್ಬರು 1976ರಲ್ಲಿ ಕಡತಗಳನ್ನು ಕೆದಕಿದರು. ದಾಖಲೆಗಳಲ್ಲಿ ಒಂದು ಸಂಕ್ಷಿಪ್ತ ಪದ ಮತ್ತೆ ಮತ್ತೆ ಬರುತ್ತಿತ್ತು. ಅದರ ಅರ್ಥ ಕೇಳಿದಾಗ ಗೊತ್ತಾದದ್ದು: ಇಲಿ ಸತ್ತು, ಪರೀಕ್ಷಿಸಲಾಗದಷ್ಟು ಕೊಳೆತಿದೆ. ಸ್ವಯಂಚಾಲಿತ ನೀರಿನ ವ್ಯವಸ್ಥೆ ಕೆಟ್ಟು ಪಂಜರಗಳು ತೊಯ್ದು ಇಲಿಗಳು ಸಾಯುತ್ತಿದ್ದ ಕೋಣೆಯನ್ನು ಅಲ್ಲಿನ ಸಿಬ್ಬಂದಿ ‘ಜೌಗು’ ಎಂದೇ ಕರೆಯುತ್ತಿದ್ದರಂತೆ. ಆದರೂ ವರದಿಗಳು ಪೂರ್ತಿಯಾಗಿ ಹೊರಬರುತ್ತಿದ್ದವು. 1983ರಲ್ಲಿ ಸಂಸ್ಥೆಯ ಮೂವರು ಮಾಜಿ ಅಧಿಕಾರಿಗಳು ತಪ್ಪಿತಸ್ಥರೆಂದು ತೀರ್ಪಾಯಿತು. ನ್ಯಾಪ್ರೊಕ್ಸೆನ್ ಇಂದಿಗೂ ಬಳಕೆಯಲ್ಲಿರುವ ಔಷಧ ಎಂಬುದನ್ನೂ ಹೇಳಬೇಕು. ಸುಳ್ಳು ಪರೀಕ್ಷೆಯಿಂದ ಔಷಧ ಕೆಟ್ಟದ್ದೆಂದು ಆಗುವುದಿಲ್ಲ. ಅದರ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಎಂದಾಗುತ್ತದೆ, ಗೊತ್ತಿದೆ ಎಂದುಕೊಂಡು ನುಂಗಿರುತ್ತೇವೆ.

ಉತ್ತಮ ಪ್ರಯೋಗಾಲಯ ಪದ್ಧತಿ, ಎಲ್ಲರೂ ಜಿಎಲ್‌ಪಿ ಎನ್ನುವ ನಿಯಮಾವಳಿ, ಅಮೆರಿಕದಲ್ಲಿ 1978ರಲ್ಲಿ ಬಂದದ್ದು ಈ ಹಗರಣದ ಬಿಸಿಯಲ್ಲೇ. 1981ರಲ್ಲಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆ ಅದನ್ನು ಹಲವು ದೇಶಗಳಿಗೆ ಸಾಮಾನ್ಯವಾಗಿಸಿತು. ಭಾರತದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ 2002ರಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಪ್ರಾಧಿಕಾರ ಶುರುವಾಯಿತು. 2011ರಲ್ಲಿ ಒಇಸಿಡಿ ವ್ಯವಸ್ಥೆಯಲ್ಲಿ ನಮಗೆ ಪೂರ್ಣ ಸ್ಥಾನ ಸಿಕ್ಕಿತು. ಅಂದರೆ ಇಲ್ಲಿ ಜಿಎಲ್‌ಪಿ ಪ್ರಕಾರ ಮಾಡಿದ ಸುರಕ್ಷತಾ ಅಧ್ಯಯನವನ್ನು ಇನ್ನೊಂದು ದೇಶದಲ್ಲಿ ಮತ್ತೆ ಮಾಡಬೇಕಿಲ್ಲ, ಅಷ್ಟು ಪ್ರಾಣಿಗಳ ಜೀವವೂ ಉಳಿಯುತ್ತದೆ.

ಜಿಎಲ್‌ಪಿ ವಿಜ್ಞಾನ ಸರಿಯಿದೆ ಎಂದು ಹೇಳುವುದಿಲ್ಲ. ಯಾವ ಇಲಿಗೆ, ಯಾವ ದಿನ, ಯಾರು, ಎಷ್ಟು ಕೊಟ್ಟರು ಎಂಬುದನ್ನು ವರ್ಷಗಳ ನಂತರವೂ ಹೊರಗಿನವರೊಬ್ಬರು ಕಾಗದ ಹಿಡಿದು ಮರುಕಟ್ಟಲು ಸಾಧ್ಯವಾಗಬೇಕು ಎನ್ನುತ್ತದೆ. ಅಧ್ಯಯನಕ್ಕೆ ಹೊಣೆಯಾದ ಒಬ್ಬರೇ ನಿರ್ದೇಶಕರಿರಬೇಕು. ಗುಣಮಟ್ಟ ನೋಡುವ ವಿಭಾಗ ಆ ಅಧ್ಯಯನ ಮಾಡುವವರಿಂದ ಬೇರೆಯಾಗಿರಬೇಕು. ಜೊತೆಗೆ ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಮೇಲೆ ಹೇಳಿದ ಆರಂಭಿಕ ಜರಡಿ ಪರೀಕ್ಷೆಗಳು ಸಾಮಾನ್ಯವಾಗಿ ಜಿಎಲ್‌ಪಿ ವ್ಯಾಪ್ತಿಗೆ ಬರುವುದಿಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಅನುಮತಿ ಕೇಳುವಾಗ ಸಲ್ಲಿಸುವ ವಿಷಪರೀಕ್ಷೆಗಳಿಗೆ ಅದು ಬೇಕು. ಆರಂಭದ ಹಂತದಲ್ಲಿ ಸುಳ್ಳು ಹೇಳಿಸಿಕೊಂಡು ಕಂಪನಿಗೂ ಲಾಭವಿಲ್ಲ, ಕೆಟ್ಟ ಅಣುವಿನ ಮೇಲೆ ಮುಂದೆ ಸುರಿಯುವ ಹಣ ಅದರದ್ದೇ. ಆದರೂ ಪ್ರತಿ ತಂಡದಲ್ಲೂ ಫಲಿತಾಂಶ ಗೊತ್ತಿರುವ ಒಂದೆರಡು ಹಳೆಯ ಔಷಧಗಳನ್ನು ಸೇರಿಸಿ ಪರೀಕ್ಷಿಸಿದ್ದಾರೆಯೇ ಎಂದು ಕೇಳುವ ಗ್ರಾಹಕರು ಜಾಣರು. ಹರ್ಗ್ ಪರೀಕ್ಷೆಯಲ್ಲಿ ಹೀಗೆ ಹೋಲಿಕೆಗೆ ಬಳಸುವವುಗಳಲ್ಲಿ ನಮ್ಮ ಟರ್ಫೆನಡಿನ್ ಕೂಡ ಒಂದು. ಔಷಧವಾಗಿ ಸತ್ತು ಅಳತೆಗಲ್ಲಾಗಿ ಉಳಿದುಕೊಂಡಿದೆ.

ಈ ಕೆಲಸದ ದೊಡ್ಡ ಕೇಂದ್ರಗಳಲ್ಲಿ ಬೆಂಗಳೂರು ಒಂದು. ಬಯೋಕಾನ್‌ನ ಅಂಗಸಂಸ್ಥೆಯಾಗಿ 1993ರಲ್ಲಿ ಸಿಂಜೀನ್ ಹುಟ್ಟಿತು. 2009ರಲ್ಲಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿಗೆಂದೇ ಮೀಸಲಾದ ಸಂಶೋಧನಾ ಕೇಂದ್ರ ಅದರ ಆವರಣದಲ್ಲಿ ಶುರುವಾಯಿತು. 2006ರಲ್ಲಿ ಆಂಥೆಮ್ ಬಯೋಸೈನ್ಸಸ್ ಬಂತು. ಜೀವರಸಾಯನ ಶಾಸ್ತ್ರವೋ ಔಷಧ ವಿಜ್ಞಾನವೋ ಓದಿದ ಕರ್ನಾಟಕದ ಎಷ್ಟೋ ಹುಡುಗ ಹುಡುಗಿಯರು ಕೆಲಸ ಮಾಡುವುದು ಇಂಥ ಕಡೆ. ಅವರು ಅಳೆದ ಅಣುವಿನ ಹೆಸರು ಅವರಿಗೇ ಗೊತ್ತಿರುವುದಿಲ್ಲ, ಹಾಗಾಗಿ ಮನೆಯಲ್ಲಿ ಏನು ಕೆಲಸ ಎಂದು ಕೇಳಿದರೆ ಹೇಳುವುದೂ ಕಷ್ಟ.

ಈಗ ನಿಯಮಗಳೂ ಬದಲಾಗುತ್ತಿವೆ. ಪ್ರಾಣಿಗಳ ಮೇಲಿನ ಪರೀಕ್ಷೆ ಇಲ್ಲದೆಯೂ ಇತರ ವಿಧಾನಗಳ ಮಾಹಿತಿಯನ್ನು ಸಲ್ಲಿಸಬಹುದು ಎಂಬ ಕಾನೂನಿಗೆ ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಸಹಿಯಾಯಿತು. ಭಾರತವೂ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಮಾನವ ಜೀವಕೋಶಗಳಿಂದ ಚಿಪ್ ಮೇಲೆ ಕಟ್ಟುವ ಪುಟ್ಟ ಅಂಗಗಳಂತಹ ವಿಧಾನಗಳನ್ನು ಮಾನ್ಯ ಮಾಡಿತು. ಫಿಯಾಲುರಿಡಿನ್ ಇಲಿಗಳಲ್ಲಿ ತಪ್ಪಿಸಿಕೊಂಡ ಕಾರಣ ಆಮೇಲೆ ಪತ್ತೆಯಾಗಿದೆ. ಆ ಅಣುವನ್ನು ಮೈಟೊಕಾಂಡ್ರಿಯದ ಒಳಕ್ಕೆ ಸಾಗಿಸುವ ಪ್ರೋಟೀನ್ ಮಾನವ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯದ ಪೊರೆಯ ಮೇಲಿದೆ, ಇಲಿಗಳಲ್ಲಿ ಅಲ್ಲಿಲ್ಲ. ಮಾನವ ಯಕೃತ್ತಿನ ಕೋಶಗಳನ್ನು ವಾರಗಟ್ಟಲೆ ಜೀವಂತವಾಗಿಟ್ಟು ನೋಡುವ ವಿಧಾನಗಳ ಮೇಲೆ ಈಗ ಇಷ್ಟೊಂದು ಆಸೆ ಇರುವುದು ಇಂಥ ವ್ಯತ್ಯಾಸಗಳಿಂದಾಗಿಯೇ.